ನಾಲ್ಕನೆಯ ಹೆಸರು

ಉದ್ದೀಪನ ಮದ್ದಿನ ಪರೀಕ್ಷೆಯ ನಮೂನೆಯಲ್ಲಿ ನಾನು ಅಂದು ಬರೆದದ್ದು ಮೂರು ಹೆಸರು: ಎರಡು ದಿನ ಹಿಂದೆ ತಲೆನೋವಿಗೆ ನುಂಗಿದ ಪ್ಯಾರಸಿಟಮಾಲ್, ಕಬ್ಬಿಣಾಂಶದ ಮಾತ್ರೆ, ವಿಟಮಿನ್ ಡಿ. ಕಳೆದ 7 ದಿನಗಳಲ್ಲಿ ಸೇವಿಸಿದ ಔಷಧಗಳನ್ನೂ ಪೂರಕಗಳನ್ನೂ ನಮೂದಿಸಬೇಕೆಂದು ಅಂಕಣದ ತಲೆಯ ಮೇಲೆ ಅಚ್ಚಾಗಿಯೇ ಇತ್ತು. ಬೆವರಿನಲ್ಲಿ ಹೋದ ಲವಣವನ್ನು ತುಂಬಿಕೊಳ್ಳಲೆಂದು ಓಟದ ಹಿಂದುಮುಂದು ನುಂಗುತ್ತಿದ್ದ ಕ್ಯಾಪ್ಸೂಲನ್ನು ನಾನು ಬರೆಯಲಿಲ್ಲ. ಮರೆತೆ ಎಂದರೆ ಸುಳ್ಳಾದೀತು. ಅದು ನೆನಪಿಗೆ ಬಂದಿತ್ತು. ಉಪ್ಪನ್ನು ಯಾರಾದರೂ ಬರೆಯುತ್ತಾರೆಯೇ ಎಂದುಕೊಂಡು ಸಹಿ ಹಾಕಿದೆ. ಮುಂದಿನ 11 ತಿಂಗಳಲ್ಲಿ, ಬರೆಯದೆ ಬಿಟ್ಟ ಆ ನಾಲ್ಕನೆಯ ಹೆಸರಿನ ಬಗ್ಗೆ ನಾನು ಕೊಟ್ಟಷ್ಟು ವಿವರಣೆಯನ್ನು ನನ್ನ ಯಾವ ಓಟದ ಬಗ್ಗೆಯೂ ಕೊಟ್ಟಿಲ್ಲ.

ನಾನು 1,500 ಮೀಟರ್ ಓಟಗಾರ. ಬಹುಮಾನದ ಹಣ ಮತ್ತು ಒಬ್ಬ ಪ್ರಾಯೋಜಕರ ಒಪ್ಪಂದ, ಈ ಎರಡರ ಮೇಲೆ ನನ್ನ ಜೀವನ ನಡೆಯುತ್ತಿತ್ತು. ಮಾದರಿ ಕೊಡುವುದು ನನಗೆ ಹೊಸತಾಗಿರಲಿಲ್ಲ. ಗುರಿ ಮುಟ್ಟಿದ ಕೂಡಲೇ ಒಬ್ಬರು ಬಂದು ಗುರುತಿನ ಚೀಟಿ ತೋರಿಸಿ ಸಹಿ ಪಡೆಯುತ್ತಾರೆ. ಅಲ್ಲಿಂದ ಮುಂದೆ ಅವರ ಕಣ್ಣು ನಮ್ಮ ಮೇಲಿಂದ ಕದಲುವಂತಿಲ್ಲ. ಶೌಚಾಲಯದಲ್ಲಿಯೂ ಅಧಿಕಾರಿ ಪಕ್ಕದಲ್ಲಿ ನಿಂತು, ಮೂತ್ರ ದೇಹದಿಂದಲೇ ಪಾತ್ರೆಗೆ ಬೀಳುವುದನ್ನು ನೋಡುತ್ತಾರೆ. ಕನಿಷ್ಠ 90 ಮಿಲಿಲೀಟರ್ ಆಗಲೇಬೇಕು. ಓಡಿ ಒಣಗಿದ ದೇಹದಿಂದ ಅಷ್ಟು ಹೊರಡಲು ಆ ದಿನ ಎರಡು ಗಂಟೆ ಹಿಡಿಯಿತು. ಬೇಗ ಆಗಲಿ ಎಂದು ನೀರು ಕುಡಿಯುತ್ತ ಹೋದರೆ ಮಾದರಿ ತೆಳುವಾಗಿ, ಸಾಂದ್ರತೆ 1.005ಕ್ಕಿಂತ ಕಡಿಮೆಯಾಗಿ ಮತ್ತೊಮ್ಮೆ ಕೂರಬೇಕಾಗುತ್ತದೆ. ಕೊನೆಗೆ ‘ಬಿ’ ಬಾಟಲಿಗೆ 30, ‘ಎ’ ಬಾಟಲಿಗೆ 60 ಮಿಲಿಲೀಟರ್ ನಾನೇ ಸುರಿದು, ಮುಚ್ಚಳವನ್ನು ಕಟಕಟ ಸದ್ದು ನಿಲ್ಲುವವರೆಗೆ ತಿರುಗಿಸಿ, ಬಾಟಲಿಗಳ ಸಂಖ್ಯೆಯನ್ನು ನಮೂನೆಯ ಸಂಖ್ಯೆಗೆ ತಾಳೆ ನೋಡಿದೆ. ಪ್ರಯೋಗಾಲಯಕ್ಕೆ ಹೋಗುವುದು ಆ ಸಂಖ್ಯೆ ಮಾತ್ರ. ಮಾದರಿ ಯಾರದೆಂದು ಅಲ್ಲಿನವರಿಗೆ ತಿಳಿಯದು, ತಿಳಿಯಲೂಬಾರದು.

ಐದು ವಾರಗಳ ನಂತರ ಪತ್ರ ಬಂತು. ನನ್ನ ‘ಎ’ ಮಾದರಿಯಲ್ಲಿ ಆಸ್ಟರಿನ್ ಎಂಬ ವಸ್ತುವಿನ ಅಂಶ ಪತ್ತೆಯಾಗಿದೆ, ಈ ಕ್ಷಣದಿಂದ ನಾನು ತಾತ್ಕಾಲಿಕವಾಗಿ ಅಮಾನತಾಗಿದ್ದೇನೆ, ‘ಬಿ’ ಮಾದರಿಯ ಪರೀಕ್ಷೆ ಕೇಳುವ ಹಕ್ಕು ನನಗಿದೆ ಎಂದು ಅದರಲ್ಲಿತ್ತು. ಆ ಹೆಸರನ್ನು ಅದೇ ಮೊದಲ ಸಲ ಓದುತ್ತಿದ್ದೆ. ಸ್ನಾಯುಗಳನ್ನು ಬಲಪಡಿಸುವ ಔಷಧವಾಗಲೆಂದು ಪ್ರಯೋಗಿಸಲಾದ ವಸ್ತು ಅದು. ಸ್ಟೆರಾಯ್ಡ್‌ಗಳಿರುವ ಅನಬಾಲಿಕ್ ವರ್ಗದಲ್ಲಿಯೇ, ಸ್ಪರ್ಧೆಯ ಒಳಗೂ ಹೊರಗೂ ನಿಷಿದ್ಧವಾದ ಪಟ್ಟಿಯಲ್ಲಿ ಸೇರಿದೆ. ಈ ವರ್ಗದ ವಸ್ತು ಸಿಕ್ಕರೆ ಮೊದಲ ತಪ್ಪಿಗೇ ಶಿಕ್ಷೆ 4 ವರ್ಷದಿಂದ ಆರಂಭವಾಗುತ್ತದೆ. ಉದ್ದೇಶಪೂರ್ವಕವಲ್ಲವೆಂದು ಆಟಗಾರನೇ ಸಾಬೀತುಪಡಿಸಿದರೆ 2 ವರ್ಷ. ಕಲುಷಿತ ಉತ್ಪನ್ನದಿಂದ ಬಂತೆಂದೂ ತನ್ನ ಕಡೆಯಿಂದ ಗಂಭೀರ ನಿರ್ಲಕ್ಷ್ಯವಿರಲಿಲ್ಲವೆಂದೂ ತೋರಿಸಿದರೆ, ಬರಿಯ ಛೀಮಾರಿಯಿಂದ ಹಿಡಿದು 2 ವರ್ಷದವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು. ಪತ್ರ ಓದುವಾಗ ಇದಾವುದೂ ನನಗೆ ಗೊತ್ತಿರಲಿಲ್ಲ. ಆಗ ನನಗೆ 27 ವರ್ಷ. 4 ವರ್ಷ ಕೂಡಿಸಿದರೆ 31 ಎಂಬ ಲೆಕ್ಕವಷ್ಟೇ ತಲೆಯಲ್ಲಿತ್ತು.

ಇಲ್ಲಿ ನನ್ನ ಹಳೆಯ ಮಾತೊಂದನ್ನು ಒಪ್ಪಿಕೊಳ್ಳಬೇಕು. ಅದಕ್ಕೂ ಕೆಲವು ವರ್ಷಗಳ ಹಿಂದೆ ಒಂದು ಕೂಟದಲ್ಲಿ ನಾನು ನಾಲ್ಕನೆಯವನಾಗಿದ್ದೆ. ನನ್ನ ಮುಂದೆ ಗುರಿ ಮುಟ್ಟಿದವನೊಬ್ಬನ ಮಾದರಿಯನ್ನು ಕಾಯ್ದಿಟ್ಟು ಮತ್ತೆ ಪರೀಕ್ಷಿಸಿದಾಗ ಅವನು ಸಿಕ್ಕಿಬಿದ್ದ. ಮಾದರಿಗಳನ್ನು 10 ವರ್ಷದವರೆಗೆ ಹೀಗೆ ಮರುಪರೀಕ್ಷೆಗೆ ಒಳಪಡಿಸಲು ಅವಕಾಶವಿದೆ. ನನ್ನ ಕಂಚಿನ ಪದಕ ಮೂರು ವರ್ಷ ತಡವಾಗಿ ಅಂಚೆಯಲ್ಲಿ ಬಂತು. ರಟ್ಟಿನ ಪೆಟ್ಟಿಗೆ ಬಿಡಿಸಿ, ಪದಕವನ್ನು ಮೇಜಿನ ಮೇಲಿಟ್ಟು, ಏನು ಮಾಡಬೇಕೆಂದು ತೋಚದೆ ಬಟ್ಟೆ ಒಗೆಯಲು ಎದ್ದು ಹೋದೆ. ವೇದಿಕೆಯೂ ಆ ವರ್ಷದ ಪ್ರಾಯೋಜಕರೂ ಅಂಚೆಯಲ್ಲಿ ಬರುವಂಥವಲ್ಲ. ಆ ಸಿಟ್ಟಿನಲ್ಲಿ, ಸಿಕ್ಕಿಬಿದ್ದವರಿಗೆಲ್ಲ ಆಜೀವ ನಿಷೇಧ ಹೇರಬೇಕು, ‘ತಿಳಿಯದೆ ಆಯಿತು’ ಎನ್ನುವವರ ಕಥೆಗೆ ಕಿವಿಗೊಡಲೇಬಾರದು ಎಂದು ಓಟಗಾರರ ಸಭೆಯಲ್ಲಿ ಎದ್ದುನಿಂತು ಹೇಳಿದ್ದೆ. ಚಪ್ಪಾಳೆಯೂ ಬಿದ್ದಿತ್ತು.

‘ಬಿ’ ಮಾದರಿಯ ಪರೀಕ್ಷೆಯನ್ನು ನನ್ನ ಖರ್ಚಿನಲ್ಲಿ ಕೇಳಿದೆ. ಅದೂ ‘ಎ’ ಹೇಳಿದ್ದನ್ನೇ ಹೇಳಿತು. ಆಮೇಲೆ ಬಂದ ಆರೋಪಪಟ್ಟಿಯ ಕೊನೆಯ ಪುಟದಲ್ಲಿ ಒಂದು ಆಯ್ಕೆ ಇತ್ತು: 20 ದಿನಗಳೊಳಗೆ ತಪ್ಪನ್ನೊಪ್ಪಿ 4 ವರ್ಷದ ಶಿಕ್ಷೆಯನ್ನು ಸ್ವೀಕರಿಸಿದರೆ ಒಂದು ವರ್ಷ ಕಡಿತ. ತಪ್ಪೆಸಗಿದವನಿಗೆ ಇದು ಉದಾರವಾದ ಅವಕಾಶವೇ ಸರಿ, ವಿಚಾರಣೆಯ ಖರ್ಚೂ ಉಳಿಯುತ್ತದೆ. ತನ್ನ ದೇಹಕ್ಕೆ ಆ ವಸ್ತು ಎಲ್ಲಿಂದ ಬಂತೆಂದೇ ತಿಳಿಯದವನಿಗೆ ಅದು ಬೇರೆಯಾಗಿ ಕಾಣುತ್ತದೆ. ಮೂಲ ಸಿಗುತ್ತದೋ ಇಲ್ಲವೋ ತಿಳಿಯದೆ ಹೋರಾಟಕ್ಕಿಳಿದು ಸೋತರೆ 4 ವರ್ಷ, ಮಾಡದ್ದನ್ನು ಮಾಡಿದೆನೆಂದು ಬರೆದುಕೊಟ್ಟರೆ 3 ವರ್ಷ. ನನ್ನ ವಕೀಲರು ಒತ್ತಾಯ ಮಾಡಲಿಲ್ಲ. “ನೀವು ಸತ್ಯ ಹೇಳುತ್ತಿದ್ದೀರಿ ಎಂದು ನಾನು ನಂಬಿದರೆ ಸಾಲದು, ಮೂಲವನ್ನು ತೋರಿಸದೆ ವಿಚಾರಣಾ ಸಮಿತಿಯೂ ನಂಬಿದ ಪ್ರಕರಣಗಳು ಬಹಳ ಅಪರೂಪ” ಎಂದಷ್ಟೇ ಹೇಳಿದರು. 19ನೆಯ ದಿನ ರಾತ್ರಿ ಒಪ್ಪಿಗೆಯ ಪತ್ರವನ್ನು ಬರೆದು ಮುಗಿಸಿ, ಸಹಿ ಹಾಕದೆ ಮಲಗಿದೆ. ಇಪ್ಪತ್ತನೆಯ ದಿನ ಹಾಗೆಯೇ ಕಳೆಯಿತು.

ಮೂಲ ಹುಡುಕುವುದೆಂದರೆ ಮನೆಯಲ್ಲಿರುವುದನ್ನೆಲ್ಲ ಅನುಮಾನಿಸುವುದು. ಕಬ್ಬಿಣದ ಮಾತ್ರೆ, ವಿಟಮಿನ್, ನೋವಿನ ಮುಲಾಮು, ಗಂಟಲಿನ ಚಪ್ಪರಿಕೆ ಮಾತ್ರೆ, ಕೊನೆಗೆ ಲವಣದ ಕ್ಯಾಪ್ಸೂಲ್, ಎಲ್ಲವನ್ನೂ ಒಂದೊಂದಾಗಿ ಖಾಸಗಿ ಪ್ರಯೋಗಾಲಯಕ್ಕೆ ಕಳುಹಿಸಿದೆ. ಒಂದೊಂದಕ್ಕೂ ಬೇರೆ ಶುಲ್ಕ, ಒಂದೊಂದಕ್ಕೂ ವಾರಗಟ್ಟಲೆ ಕಾಯುವಿಕೆ. ಪ್ರಾಯೋಜಕರು ಅಷ್ಟರಲ್ಲಿ ಒಪ್ಪಂದವನ್ನು ತಡೆಹಿಡಿದಿದ್ದರಿಂದ, ಐದನ್ನೂ ಒಟ್ಟಿಗೆ ಕಳುಹಿಸುವಷ್ಟು ಹಣವಿರಲಿಲ್ಲ. ಅನುಮಾನ ಹೆಚ್ಚಿದ್ದವು ಮೊದಲು ಹೋದವು. ಲವಣದ ಸರದಿ ಬರುವ ಹೊತ್ತಿಗೆ ನಾಲ್ಕು ತಿಂಗಳು ಕಳೆದಿದ್ದವು. ಡಬ್ಬಿಯಲ್ಲಿ ಉಳಿದಿದ್ದದ್ದು 11 ಕ್ಯಾಪ್ಸೂಲ್. ಅವುಗಳಲ್ಲಿ ಆಸ್ಟರಿನ್ ಇತ್ತು.

ಆ ವರದಿ ಕೈಗೆ ಬಂದಾಗ ಎಲ್ಲ ಮುಗಿಯಿತೆಂದುಕೊಂಡೆ. ವಕೀಲರು ಸಮಾಧಾನದಿಂದ ಕೇಳಿದ ಮೊದಲ ಪ್ರಶ್ನೆ, “ಈ ಡಬ್ಬಿಯ ಮುಚ್ಚಳವನ್ನು ತೆರೆದವರು ಯಾರು?” ನಾನೇ ತೆರೆದದ್ದು. ತೆರೆದ ಡಬ್ಬಿಗೆ ಬೇಕಾದ್ದನ್ನು ನಾನೇ ಬೆರೆಸಿ ಕಳುಹಿಸಿರಬಹುದಲ್ಲ! ಅದೇ ಬ್ಯಾಚಿನ, ಸೀಲು ಒಡೆಯದ ಇನ್ನೊಂದು ಡಬ್ಬಿ ಸಿಕ್ಕರೆ ಮಾತ್ರ ವಾದಕ್ಕೆ ಬಲ. ಡಬ್ಬಿಯ ತಳದಲ್ಲಿ ಬ್ಯಾಚ್ ಸಂಖ್ಯೆಯನ್ನು ಚುಕ್ಕೆಚುಕ್ಕೆಯಾಗಿ ಮಸಿಯಲ್ಲಿ ಮುದ್ರಿಸಿದ್ದರು; ಒದ್ದೆ ಚೀಲದಲ್ಲಿ ತಿಂಗಳುಗಟ್ಟಲೆ ಉಜ್ಜಿ ಕೊನೆಯ ಎರಡು ಅಂಕಿ ಮಾಸಿಹೋಗಿದ್ದವು. ದೀಪವನ್ನು ಓರೆಯಾಗಿ ಹಿಡಿದು, ಫೋನಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿ ನೋಡಿದರೆ ಒಂದು ಅಂಕಿ 3 ಇರಬಹುದು, 8 ಕೂಡ ಇರಬಹುದು. ತಯಾರಕರು ಉತ್ತರ ಕೊಡಲಿಲ್ಲ. ಅಂಗಡಿಗಳಲ್ಲಿ ಆ ಬ್ಯಾಚು ಮುಗಿದು ಬಹಳ ದಿನವಾಗಿತ್ತು. ಗೊತ್ತಿದ್ದ ಓಟಗಾರರಿಗೆಲ್ಲ, ನಿಮ್ಮಲ್ಲಿರುವ ಡಬ್ಬಿಯನ್ನು ತಲೆಕೆಳಗು ಮಾಡಿ ತಳದ ಚಿತ್ರ ಕಳುಹಿಸಿ ಎಂದು ಬೇಡಿಕೊಂಡೆ. ಕೆಲವರು ಉತ್ತರಿಸಲಿಲ್ಲ, ಅಮಾನತಾದವನ ಜೊತೆ ಪತ್ರವ್ಯವಹಾರವೇ ಬೇಡವೆಂದು ಅವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಎರಡು ತಿಂಗಳ ನಂತರ ಕಿರಿಯ ಓಟಗಾರ್ತಿಯೊಬ್ಬಳು ಚಿತ್ರ ಕಳುಹಿಸಿದಳು. ಅವಳು ಎರಡು ಡಬ್ಬಿ ಕೊಂಡು ಒಂದನ್ನು ತೆರೆದೇ ಇರಲಿಲ್ಲ. ಅಂಕಿ 8 ಆಗಿತ್ತು.

ಆ ಡಬ್ಬಿಯನ್ನು ನಾನು ಮುಟ್ಟಲಿಲ್ಲ. ಅದು ಅವಳ ಕೈಯಿಂದ ನೇರವಾಗಿ, ಎರಡೂ ಕಡೆಯವರು ಒಪ್ಪಿದ ಪ್ರಯೋಗಾಲಯಕ್ಕೆ, ಪ್ರತಿ ಹಂತದಲ್ಲಿ ಸಹಿಯೊಂದಿಗೆ ಹೋಯಿತು. ವರದಿಯ ಪ್ರಕಾರ ಕೆಲವು ಕ್ಯಾಪ್ಸೂಲುಗಳಲ್ಲಿ ಏನೂ ಇರಲಿಲ್ಲ, ಕೆಲವದರಲ್ಲಿ ಸ್ವಲ್ಪ, ಎರಡರಲ್ಲಿ ಹೆಚ್ಚು. ಬೇಕೆಂದೇ ಬೆರೆಸಿದ್ದರೆ ಪ್ರಮಾಣ ಒಂದೇ ಆಗಿರುತ್ತಿತ್ತು, ಹೀಗೆ ಚದುರಿರುವುದು ಒಂದೇ ಯಂತ್ರದಲ್ಲಿ ಬೇರೆ ಬೇರೆ ಉತ್ಪನ್ನ ತುಂಬಿ ಸರಿಯಾಗಿ ತೊಳೆಯದಿದ್ದಾಗ ಎಂದು ತಜ್ಞರು ಬರೆದರು. ಇಲ್ಲಿ ನಡೆಯುವ ಲೆಕ್ಕವೆಲ್ಲ ನ್ಯಾನೊಗ್ರಾಂಗಳದ್ದು, ಅಂದರೆ ಒಂದು ಗ್ರಾಮಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲು. ಯಂತ್ರದ ಮೂಲೆಯಲ್ಲುಳಿದ ಧೂಳು ಅದಕ್ಕೆ ಧಾರಾಳವಾಗಿ ಸಾಕು.

ವಿಚಾರಣೆ ಒಂದೇ ದಿನ ನಡೆಯಿತು. ಸಮಿತಿಯಲ್ಲಿ ಮೂವರಿದ್ದರು: ಒಬ್ಬರು ಕಾನೂನು ಬಲ್ಲವರು, ಒಬ್ಬರು ವೈದ್ಯರು, ಇನ್ನೊಬ್ಬರು ಹಿಂದೆ ಕ್ರೀಡಾಪಟುವಾಗಿದ್ದವರು. ಎದುರು ಪಕ್ಷದ ವಕೀಲರು ನನ್ನ ಮೇಲೆ ಕೂಗಾಡಲಿಲ್ಲ. ಮೆಲ್ಲನೆಯ ದನಿಯಲ್ಲಿ, “ಸಿಕ್ಕಿಬಿದ್ದವರೆಲ್ಲ ಇಲ್ಲಿ ಹೇಳುವುದೂ ಇದನ್ನೇ” ಎಂದರು. ಓಟಗಾರರ ಸಭೆಯಲ್ಲಿ ನಾನು ಆಡಿದ್ದು ಹೆಚ್ಚುಕಡಿಮೆ ಇದೇ ಮಾತು. ಅದನ್ನು ಅಲ್ಲಗಳೆಯುವ ನೈತಿಕ ಬಲ ನನಗಿರಲಿಲ್ಲ, ಅವರ ಮಾತು ಸುಳ್ಳೂ ಆಗಿರಲಿಲ್ಲ. 1988ರ ಸೋಲ್ ಒಲಿಂಪಿಕ್ಸಿನಲ್ಲಿ 9.79 ಸೆಕೆಂಡಿನಲ್ಲಿ 100 ಮೀಟರ್ ಓಡಿದ ಬೆನ್ ಜಾನ್ಸನ್ ಕೂಡ ಮೊದಲಿಗೆ ಹೇಳಿದ್ದು ತಾನು ಅರಿತು ಏನನ್ನೂ ಸೇವಿಸಿಲ್ಲವೆಂದೇ. ಮರುವರ್ಷ ತನಿಖೆಯೆದುರು ಒಪ್ಪಿಕೊಂಡರು.

ಸಮಿತಿ ಹೆಚ್ಚು ಹೊತ್ತು ತೆಗೆದುಕೊಂಡದ್ದು ನನ್ನ ಎಚ್ಚರಿಕೆಯ ಅಳತೆಗೆ. ಇದಕ್ಕೆ ಅವರು ಮುಂದಿಟ್ಟುಕೊಂಡದ್ದು ಟೆನಿಸ್ ಆಟಗಾರ ಮರಿನ್ ಚಿಲಿಚ್ ಅವರ 2013ರ ಪ್ರಕರಣವನ್ನು. ಔಷಧದಂಗಡಿಯಿಂದ ತಂದ ಗ್ಲೂಕೋಸ್ ಮಾತ್ರೆಯಲ್ಲಿ ನಿಕೆಥಮೈಡ್ ಎಂಬ ಉತ್ತೇಜಕವಿದ್ದು, ಅವರಿಗೆ 9 ತಿಂಗಳ ನಿಷೇಧ ಬಿದ್ದಿತ್ತು. ಲೋಸಾನ್‌ನ ಕ್ರೀಡಾ ನ್ಯಾಯಮಂಡಳಿ ಅದನ್ನು 4 ತಿಂಗಳಿಗೆ ಇಳಿಸಿತು. ಆ ತೀರ್ಪು ನಿರ್ಲಕ್ಷ್ಯವನ್ನು ಮೆಟ್ಟಿಲು ಮೆಟ್ಟಿಲಾಗಿ ಅಳೆಯುವ ಒಂದು ಕ್ರಮವನ್ನು ಹಾಕಿಕೊಟ್ಟಿತು. ಲೇಬಲ್ ಓದಿದಿರಾ? ಓದಿದ್ದೆ. ಪ್ರತಿ ಪದಾರ್ಥವನ್ನೂ ನಿಷೇಧಿತ ಪಟ್ಟಿಯೊಂದಿಗೆ ಹೋಲಿಸಿದಿರಾ? ಹೋಲಿಸಿದ್ದೆ. ಅಂತರಜಾಲದಲ್ಲಿ ಆ ಉತ್ಪನ್ನದ ಹೆಸರನ್ನು ಹುಡುಕಿದಿರಾ? ಇಲ್ಲ. ಪ್ರತಿ ಬ್ಯಾಚನ್ನೂ ಸ್ವತಂತ್ರವಾಗಿ ಪರೀಕ್ಷಿಸಿ ಪ್ರಮಾಣೀಕರಿಸಿದ ಉತ್ಪನ್ನಗಳು ಸಿಗುತ್ತವೆಂದು ನಿಮಗೆ ಗೊತ್ತಿತ್ತೇ? ಗೊತ್ತಿತ್ತು. ಮತ್ತೇಕೆ ಇದನ್ನು ಕೊಂಡಿರಿ? ಮಾಜಿ ಕ್ರೀಡಾಪಟು ಕೊನೆಗೆ ಕೇಳಿದರು, “ಪ್ಯಾರಸಿಟಮಾಲ್ ಬರೆಯುವಷ್ಟು ಜಾಗರೂಕರಾಗಿದ್ದವರು ಇದನ್ನೇಕೆ ಬರೆಯಲಿಲ್ಲ?” ಅದು ಉಪ್ಪೆಂದುಕೊಂಡಿದ್ದೆ ಎಂದೆ. ಅವರು ತಲೆಯಾಡಿಸಿ ಬರೆದುಕೊಂಡರು. ಆ ಉತ್ತರ ನನ್ನನ್ನು ಉಳಿಸಿತೋ ಮುಳುಗಿಸಿತೋ ಅಲ್ಲಿ ಕುಳಿತಿದ್ದಾಗ ತಿಳಿಯಲಿಲ್ಲ. ತೀರ್ಪಿನಲ್ಲಿ ಅದಕ್ಕೆ ಒಂದು ಪೂರ್ತಿ ಪುಟ ಮೀಸಲಾಗಿತ್ತು: ಮುಚ್ಚಿಡುವ ಉದ್ದೇಶ ಕಾಣಲಿಲ್ಲ, ಆದರೆ ಬರೆದಿದ್ದರೆ ಶಿಕ್ಷೆ ಇನ್ನೂ ಇಳಿಯುತ್ತಿತ್ತು.

ಶಿಕ್ಷೆ 9 ತಿಂಗಳು ಎಂದಾಯಿತು, ಅಮಾನತಾದ ದಿನದಿಂದ ಲೆಕ್ಕ. ತೀರ್ಪು ಬಂದದ್ದು ಅಮಾನತಾದ 11 ತಿಂಗಳ ನಂತರ. ನನ್ನ ಶಿಕ್ಷೆ ಎಷ್ಟೆಂದು ನನಗೆ ತಿಳಿಯುವ ಎರಡು ತಿಂಗಳ ಮೊದಲೇ ಅದು ಮುಗಿದುಹೋಗಿತ್ತು.

ನನ್ನ ತಕರಾರು ಇರುವುದು ಇಲ್ಲಿ, ಅದೂ ಇಷ್ಟಕ್ಕೇ. ದೇಹದಲ್ಲಿ ಸಿಕ್ಕದ್ದಕ್ಕೆ ಆಟಗಾರನೇ ಹೊಣೆ ಎಂಬ ನಿಯಮವನ್ನು ನಾನು ಈಗಲೂ ಒಪ್ಪುತ್ತೇನೆ. ಉದ್ದೇಶವನ್ನು ಸಾಬೀತುಪಡಿಸುವ ಭಾರವನ್ನೆಲ್ಲ ಪರೀಕ್ಷಿಸುವವರ ಮೇಲೆ ಹಾಕಿದರೆ ಒಬ್ಬರೂ ಸಿಕ್ಕಿಬೀಳುವುದಿಲ್ಲ, ನನ್ನ ಕಂಚೂ ಬರುತ್ತಿರಲಿಲ್ಲ. ಫಲಿತಾಂಶ ರದ್ದಾಗುವುದನ್ನಂತೂ ನಾನು ಶಿಕ್ಷೆಯೆಂದೇ ಎಣಿಸುವುದಿಲ್ಲ. ಆ ವಸ್ತು ನನ್ನ ರಕ್ತದಲ್ಲಿದ್ದ ದಿನ ನನ್ನ ಪಕ್ಕದಲ್ಲಿ ಓಡಿದವನಿಗೆ ಅದು ನನ್ನೊಳಗೆ ಹೇಗೆ ಹೋಯಿತೆಂಬುದು ಏಕೆ ಬೇಕು? 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ತಂಡದ ವೈದ್ಯರು ಕೊಟ್ಟ ಶೀತದ ಮಾತ್ರೆಯಲ್ಲಿದ್ದ ಸೂಡೊಎಫೆಡ್ರಿನ್‌ನಿಂದಾಗಿ ರುಮೇನಿಯದ 16 ವರ್ಷದ ಜಿಮ್ನಾಸ್ಟ್ ಆಂಡ್ರೀಯ ರಾಡುಕಾನ್ ವೈಯಕ್ತಿಕ ಸಮಗ್ರ ವಿಭಾಗದ ಚಿನ್ನವನ್ನು ಕಳೆದುಕೊಂಡರು; ಆದರೆ ಅವರ ಮೇಲೆ ನಿಷೇಧ ಹೇರಲಿಲ್ಲ, ನಿಷೇಧಕ್ಕೊಳಗಾದದ್ದು ವೈದ್ಯರು. ಕ್ರೂರವಾಗಿ ಕಾಣುವ ಆ ತೀರ್ಮಾನದಲ್ಲಿ ಫಲಿತಾಂಶ ಬೇರೆ, ಶಿಕ್ಷೆ ಬೇರೆ ಎಂಬ ಗೆರೆ ಸ್ಪಷ್ಟವಾಗಿದೆ. ಪದಕ ಹೋಗಬೇಕು, ಅದಕ್ಕೆ ತಪ್ಪಿನ ಅಳತೆ ಬೇಕಿಲ್ಲ. ನಿಷೇಧಕ್ಕೆ ಮಾತ್ರ ಅಳತೆ ಬೇಕು.

ಅಳತೆ ಸರಿಯಾಗಿದ್ದರೂ ಅದು ಸಿಗುವ ಹೊತ್ತು ತಪ್ಪಿದರೆ ಪ್ರಯೋಜನವಿಲ್ಲ. ಟೆನಿಸ್ ಆಟಗಾರ್ತಿ ಸಿಮೋನಾ ಹಾಲೆಪ್ 2022ರ ಅಕ್ಟೋಬರಿನಲ್ಲಿ ಅಮಾನತಾದರು. ಮೊದಲು 4 ವರ್ಷದ ನಿಷೇಧ ವಿಧಿಸಲಾಯಿತು, 2024ರ ಮಾರ್ಚಿನಲ್ಲಿ ಕ್ರೀಡಾ ನ್ಯಾಯಮಂಡಳಿ ಅದನ್ನು 9 ತಿಂಗಳಿಗೆ ಇಳಿಸಿತು. ಆ ಹೊತ್ತಿಗೆ ಅವರು 17 ತಿಂಗಳು ಹೊರಗಿದ್ದರು. ಅದೇ ಆಟದಲ್ಲಿ ಇಗಾ ಶ್ವಿಯಾಂಟೆಕ್ ತಾವು ಬಳಸಿದ ಮೆಲಟೊನಿನ್ ಮಾತ್ರೆಯೇ ಕಲುಷಿತವಾಗಿತ್ತೆಂದು ಕೆಲವೇ ವಾರಗಳಲ್ಲಿ ತೋರಿಸಿ, 2024ರಲ್ಲಿ ಒಂದು ತಿಂಗಳ ಶಿಕ್ಷೆಯೊಂದಿಗೆ ಮರಳಿದರು. ಯಾನಿಕ್ ಸಿನ್ನರ್, ಕ್ಲೊಸ್ಟೆಬಾಲ್ ಎಂಬ ನಿಷಿದ್ಧ ಸ್ಟೆರಾಯ್ಡ್ ತಮ್ಮ ಫಿಸಿಯೋ ಬಳಸಿದ ಸ್ಪ್ರೇಯಿಂದ ಬಂತೆಂದು ಬೇಗನೆ ಗುರುತಿಸಿದ್ದರಿಂದ ಅಮಾನತು ತೆರವಾಗಿ ಆಡುತ್ತಲೇ ಇದ್ದರು; ನಂತರ ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಮೇಲ್ಮನವಿ ಸಲ್ಲಿಸಿ, ರಾಜಿಯಾಗಿ ಒಪ್ಪಿಕೊಂಡ 3 ತಿಂಗಳು 2025ರ ಫೆಬ್ರವರಿಯಿಂದ ಮೇ ಆರಂಭದವರೆಗೆ, ಎರಡು ಗ್ರ್ಯಾನ್‌ಸ್ಲಾಮ್‌ಗಳ ನಡುವಿನ ಬಿಡುವಿನಲ್ಲಿ ಮುಗಿಯಿತು. ಅವರಿಬ್ಬರೂ ತಪ್ಪಿಸಿಕೊಂಡರೆಂದು ನಾನು ಹೇಳುತ್ತಿಲ್ಲ, ಅವರ ವಿವರಣೆಗಳನ್ನು ನಾನು ನಂಬುತ್ತೇನೆ. ಐದು ವಸ್ತುಗಳನ್ನು ಒಟ್ಟಿಗೆ ಪರೀಕ್ಷೆಗೆ ಕಳುಹಿಸಬಲ್ಲವನಿಗೂ ಒಂದಾದ ಮೇಲೊಂದು ಕಳುಹಿಸುವವನಿಗೂ ನಿಯಮ ಒಂದೇ ಆಗಿದ್ದು, ಹೊರಗುಳಿಯುವ ಕಾಲ ಮಾತ್ರ ಬೇರೆಯಾಗುವುದನ್ನು ಹೇಳುತ್ತಿದ್ದೇನೆ. ಕಿರಿಯಳೊಬ್ಬಳು ಎರಡನೆಯ ಡಬ್ಬಿಯನ್ನು ತೆರೆದುಬಿಟ್ಟಿದ್ದರೆ ನನ್ನ 9 ತಿಂಗಳು 4 ವರ್ಷವಾಗುತ್ತಿತ್ತು; ನನ್ನ ತಪ್ಪು ಎಳ್ಳಷ್ಟೂ ಹೆಚ್ಚುತ್ತಿರಲಿಲ್ಲ.

ಅಮಾನತಿನ ದಿನಗಳ ಬಗ್ಗೆ ಬಹಳ ಹೇಳುವುದಿಲ್ಲ. ಸಂಘದ ಟ್ರ್ಯಾಕಿಗೆ ಪ್ರವೇಶವಿರಲಿಲ್ಲ. ಬೆಳಗಿನ ಜಾವ ರಸ್ತೆಯಲ್ಲಿ ಒಬ್ಬನೇ ಓಡುತ್ತಿದ್ದೆ, ತರಬೇತುದಾರರು ಫೋನಿನಲ್ಲಿಯೂ ವೇಳಾಪಟ್ಟಿ ಹೇಳುವಂತಿರಲಿಲ್ಲ. ಒಂದು ಕಡೆ ಸ್ಪರ್ಧಿಸುವ ಹಕ್ಕಿಲ್ಲ, ಇನ್ನೊಂದು ಕಡೆ ಪ್ರತಿದಿನ ಯಾವ ಒಂದು ಗಂಟೆ ಎಲ್ಲಿ ಸಿಗುತ್ತೇನೆಂದು ಮುಂಚಿತವಾಗಿ ಬರೆದು ಕೊಡುತ್ತಲೇ ಇರಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ಅದೇ ಬೇರೊಂದು ಅಪರಾಧ. ಎರಡು ಸಲ ಬಂದು ಮಾದರಿ ಪಡೆದರು. ಎರಡೂ ಸಲ ನಮೂನೆಯ ಆ ಅಂಕಣ ಸಾಲದೆ ಹಿಂಬದಿಯಲ್ಲಿ ಬರೆದೆ, ಹಲ್ಲುಜ್ಜುವ ಪೇಸ್ಟಿನ ಹೆಸರು ಸಮೇತ. ಅಧಿಕಾರಿ, “ಇದು ಬೇಕಿಲ್ಲ” ಎಂದರು. ಇರಲಿ ಬಿಡಿ ಎಂದೆ.

ತೀರ್ಪಿನ ಮೇಲೆ ಮೇಲ್ಮನವಿಗೆ ನನಗೆ 21 ದಿನ ಇತ್ತು. ಹೋಗಿದ್ದರೆ 9 ತಿಂಗಳು 4 ತಿಂಗಳಾಗುತ್ತಿತ್ತೇನೋ. ಆದರೆ ಕಳೆದುಹೋದ ಕಾಲ ಕಾಗದದಲ್ಲಿ ಕಡಿಮೆಯಾಗುವುದಕ್ಕೆ ಮತ್ತೆ ಹಣ ಸುರಿಯಲು ಮನಸ್ಸು ಬರಲಿಲ್ಲ. ಎದುರು ಪಕ್ಷವೂ ಹೋಗಲಿಲ್ಲ. ಮಾದರಿ ಕೊಟ್ಟ ದಿನದಿಂದ ಅಮಾನತಿನವರೆಗಿನ ನನ್ನ ಫಲಿತಾಂಶಗಳೆಲ್ಲ ರದ್ದಾದವು. ಅವುಗಳಲ್ಲಿ ಒಂದು ಎರಡನೆಯ ಸ್ಥಾನ, ವೃತ್ತಿಯಲ್ಲೇ ನನ್ನ ಅತ್ಯುತ್ತಮ ಓಟ. ಬೆಳ್ಳಿಯನ್ನು ಹತ್ತಿಯಲ್ಲಿ ಸುತ್ತಿ, ಬಹುಮಾನದ ಹಣವನ್ನು ಕಂತುಗಳಲ್ಲಿ ಹಿಂದಿರುಗಿಸುವ ಪತ್ರದೊಂದಿಗೆ ಕಳುಹಿಸಿದೆ.

ಅಂದು ಮೂರನೆಯವನಾಗಿದ್ದು ಈಗ ಎರಡನೆಯವನಾದ ಓಟಗಾರ ಕೆಲವು ವಾರಗಳ ನಂತರ ಫೋನ್ ಮಾಡಿದ. ಇಬ್ಬರೂ ಹತ್ತು ವರ್ಷಗಳಿಂದ ಪಕ್ಕಪಕ್ಕದಲ್ಲಿ ಓಡಿದವರು, ಆದರೂ ಮೊದಲ ಮಾತು ಯಾರ ಬಾಯಲ್ಲೂ ಹೊರಡಲಿಲ್ಲ. ಬಯ್ಯಲು ಮಾಡಿದ್ದಾನೆಂದು ಕಾದೆ, ಆಮೇಲೆ ಸಮಾಧಾನ ಹೇಳಬಹುದೆಂದುಕೊಂಡೆ. ಅವನು ಎರಡನ್ನೂ ಮಾಡಲಿಲ್ಲ. “ಆ ಡಬ್ಬಿಯ ತಳದ ಸಂಖ್ಯೆ ಹೇಳು, ನನ್ನ ಹತ್ತಿರವೂ ಅದೇ ಇದೆ” ಎಂದ. ನನಗದು ಬಾಯಿಪಾಠವಾಗಿತ್ತು. ಒಂದೊಂದೇ ಅಂಕಿ ಹೇಳುತ್ತ ಹೋದೆ, ಕೊನೆಯ 8ನ್ನು ಎರಡು ಸಲ ಹೇಳಿದೆ. ಆ ಕಡೆ ಡಬ್ಬಿ ಮಗುಚಿದ್ದಕ್ಕೆ ಒಳಗಿನ ಕ್ಯಾಪ್ಸೂಲುಗಳು ಗಲಗಲ ಸದ್ದು ಮಾಡಿದವು.